ನೋಡುತ್ತ ನಿಂತವರಿಗೊಂದು ಪುಸ್ತಕ



ಮಕ್ಕಳ ಸಾಹಿತ್ಯದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂದು ಈ ದತ್ತಿಯ ಪತ್ರದಲ್ಲಿದೆ. ಮಕ್ಕಳೆಂದರೆ ಯಾವ ವಯಸ್ಸಿನವರೆಗೆ ಎಂದು ದತ್ತಿಯನ್ನು ಸ್ಥಾಪಿಸಿದ ಮೇಷ್ಟ್ರು ಬರೆದಿಲ್ಲ. ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಎಂದ ಕೂಡಲೇ ನೆನಪಿಗೆ ಬರುವುದು ರಾಜರತ್ನಂ ಅವರ ತುತ್ತೂರಿ, ಕುವೆಂಪು ಅವರ ಕಿಂದರಿಜೋಗಿ, ಕಾರಂತರ ಬಾಲಪ್ರಪಂಚ. ಏಳೆಂಟು ವರ್ಷದ ಮಗುವಿಗೆ ನಾವು ಕೊಟ್ಟಿರುವುದು ಕಡಿಮೆಯೇನಲ್ಲ. ಅದೇ ಮಗು ಎಂಟನೇ ಕ್ಲಾಸಿಗೆ ಬಂದು, ದನಿ ಒಡೆದು, ಮುಖದಲ್ಲಿ ಮೊಡವೆ ಎದ್ದು, ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿದ ಮೇಲೆ ಅದರ ಕೈಗಿಡಲು ನಮ್ಮ ಬಳಿ ಎಸ್ಸೆಸ್ಸೆಲ್ಸಿ ಗೈಡ್ ಬಿಟ್ಟರೆ ಹೆಚ್ಚೇನೂ ಇಲ್ಲ. ಹನ್ನೆರಡರಿಂದ ಹದಿನೇಳರ ನಡುವಿನವರ ಓದಿಗೆ ಕನ್ನಡದಲ್ಲಿ ಒಂದು ಸರಿಯಾದ ಕಪಾಟು ಇಲ್ಲ. ಇವತ್ತು ನಾನು ಮಾತಾಡುವುದು ಆ ಕಪಾಟಿನ ಒಂದು ಹಲಗೆಯ ಬಗ್ಗೆ ಮಾತ್ರ: ಒಬ್ಬರನ್ನು ಹತ್ತು ಮಂದಿ ಸೇರಿ ಕಾಡುವ, ರೇಗಿಸುವ, ದೂರವಿಡುವ ಕತೆಗಳು, ಆ ಕಾಟ ಫೋನಿನೊಳಕ್ಕೆ ಹೋದ ಮೇಲೆ ಬಂದ ಪುಸ್ತಕಗಳು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದಿಲ್ಲ. ಈ ವಿಷಯದ ಪುಸ್ತಕಗಳಲ್ಲಿ ಬಹುಪಾಲು ಕಾಟ ತಿನ್ನುವವರಿಗೆ ಧೈರ್ಯ ಹೇಳುತ್ತವೆ, ಇಲ್ಲವೇ ಕಾಟ ಕೊಡುವವರಿಗೆ ಬುದ್ಧಿ ಹೇಳುತ್ತವೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಈ ಎರಡು ಬಗೆಯವರು ಸೇರಿದರೂ ಐದಾರು ಮಂದಿ. ಉಳಿದವರು ನೋಡುತ್ತ ನಿಂತವರು. ಅವರಿಗಾಗಿ, ಅವರ ಕಣ್ಣಿನಿಂದ ಬರೆದ ಪುಸ್ತಕಗಳೇ ಉಳಿದುಕೊಂಡಿವೆ, ಅವುಗಳಿಂದಲೇ ಏನಾದರೂ ಪ್ರಯೋಜನವಾಗಿದೆ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಶಾಲೆಯೊಳಗಿನ ಕಾಟವನ್ನು ಮೊದಲು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು ಡಾನ್ ಓಲ್ವೇಯಸ್. ಆ ಕುರಿತ ಅವರ ಮೊದಲ ಪುಸ್ತಕ 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಬಂತು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಮೂವರು ಹುಡುಗರು ಪ್ರಾಣ ಕಳೆದುಕೊಂಡಾಗ, ಸಹಪಾಠಿಗಳ ಕಾಟವೇ ಅದಕ್ಕೆ ಕಾರಣವಿರಬೇಕು ಎಂಬ ಸುದ್ದಿ ಹಬ್ಬಿದಾಗ, ಸರ್ಕಾರ ಎಚ್ಚೆತ್ತಿತು. ಮರುವರ್ಷವೇ ದೇಶವ್ಯಾಪಿ ಆಂದೋಲನ ಶುರುವಾಯಿತು. ಸಾವು ಆಗುವ ತನಕ ಸರ್ಕಾರಗಳಿಗೆ ಪುಸ್ತಕ ಕಾಣುವುದಿಲ್ಲ. ಇದು ನಾರ್ವೆಯ ಕಥೆ ಮಾತ್ರವಲ್ಲ ಬಿಡಿ.

ನಂತರ ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ಸಂಗಡಿಗರು 1996ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕ್ಲಾಸಿನಲ್ಲಿ ಯಾರು ಯಾವ ಪಾತ್ರ ವಹಿಸುತ್ತಾರೆ ಎಂದು ಅವರು ಬಿಡಿಸಿಟ್ಟರು. ಕಾಡುವವನೊಬ್ಬ, ಅವನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಪಕ್ಕಕ್ಕೆ ಸರಿದು ನಿಲ್ಲುವವರು, ಕಾಟ ತಿನ್ನುವವರ ಪರ ನಿಲ್ಲುವ ಕೆಲವರು. ಕಾಡುವವನಿಗೆ ಬೇಕಾದದ್ದು ಆ ನಗು. ಅದು ನಿಂತರೆ ಅವನ ಉತ್ಸಾಹವೂ ಇಳಿಯುತ್ತದೆ. ಈ ತಿಳಿವಳಿಕೆಯ ಮೇಲೆ ಟುರ್ಕು ವಿಶ್ವವಿದ್ಯಾಲಯದವರು ಕಟ್ಟಿದ 'ಕಿವಾ' ಎಂಬ ಕಾರ್ಯಕ್ರಮ 2009ರಿಂದ ಫಿನ್‌ಲೆಂಡಿನ ಶಾಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂತು. ಅದರ ಪಾಠಗಳು ಬಹುತೇಕ ಇಡೀ ಕ್ಲಾಸಿಗೆ, ಅಂದರೆ ನೋಡುವವರಿಗೆ.

ಆದರೆ ವಿದ್ವಾಂಸರಿಗಿಂತ ಐವತ್ತು ವರ್ಷ ಮೊದಲೇ ಒಬ್ಬ ಕತೆಗಾರ್ತಿ ಇದನ್ನು ಕಂಡುಕೊಂಡಿದ್ದರು. ಎಲಿನಾರ್ ಎಸ್ಟಿಸ್ ಅವರ 'ದ ಹಂಡ್ರೆಡ್ ಡ್ರೆಸಸ್' 1944ರಲ್ಲಿ ಬಂದ ಪುಟ್ಟ ಪುಸ್ತಕ. ಎಸ್ಟಿಸ್ ಲೈಬ್ರರಿಗಳ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡಿದವರು. ನಮ್ಮಲ್ಲಿ ಸಿಬಿಎಸ್‌ಇ ಶಾಲೆಗಳಲ್ಲಿ ಓದಿದವರಿಗೆ ಇದು ಗೊತ್ತಿರುತ್ತದೆ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಅದು ಹಲವು ವರ್ಷ ಎರಡು ಪಾಠಗಳಾಗಿ ಇತ್ತು. 2022ರಲ್ಲಿ ಪಠ್ಯದ ಹೊರೆ ಇಳಿಸುವ ನೆಪದಲ್ಲಿ ಅದನ್ನು ಕೈಬಿಟ್ಟರು. ಹೊರೆ ಇಳಿಸಲು ಬೇರೇನೂ ಸಿಗಲಿಲ್ಲವೇ ಎಂದು ನಾನು ಕೇಳುತ್ತಿದ್ದೇನೆ.

ಕತೆ ಇಷ್ಟು. ವಾಂಡಾ ಪೆಟ್ರೋನ್ಸ್ಕಿ ಎಂಬ ಪೋಲಿಷ್ ಮೂಲದ ಬಡ ಹುಡುಗಿ. ದಿನಾ ಅದೇ ಬಣ್ಣ ಹೋದ ನೀಲಿ ಫ್ರಾಕು. ಒಗೆದದ್ದೇ, ಇಸ್ತ್ರಿ ಸರಿಯಾಗಿಲ್ಲ. ಅವಳ ಹೆಸರೇ ಉಳಿದವರಿಗೆ ತಮಾಷೆ. ಒಂದು ದಿನ ಅವಳು ನನ್ನ ಮನೆಯಲ್ಲಿ ನೂರು ಫ್ರಾಕುಗಳಿವೆ ಎಂದುಬಿಡುತ್ತಾಳೆ. ಅಲ್ಲಿಂದ ಅದು ದಿನದ ಆಟವಾಗುತ್ತದೆ. ಪೆಗ್ಗಿ ಎಂಬ ಚೆಲುವೆ, ಎಲ್ಲರಿಗೂ ಬೇಕಾದವಳು, ಶಾಲೆಗೆ ಹೋಗುವ ದಾರಿಯಲ್ಲಿ ಕಾದು ನಿಂತು ಬಹಳ ಮರ್ಯಾದೆಯಿಂದ ಕೇಳುತ್ತಾಳೆ: ಎಷ್ಟು ಫ್ರಾಕು ಅಂದೆ? ಪೆಗ್ಗಿ ಕೆಟ್ಟವಳಲ್ಲ. ಅವಳು ಯಾರಿಗೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ತಾನು ಕ್ರೂರಿ ಎಂಬುದೇ ಅವಳಿಗೆ ಹೊಳೆಯುವುದಿಲ್ಲ.

ಕತೆಯ ಕಣ್ಣು ಇರುವುದು ಮ್ಯಾಡಿ ಎಂಬ ಮೂರನೆಯ ಹುಡುಗಿಯಲ್ಲಿ. ಅವಳು ಪೆಗ್ಗಿಯ ಗೆಳತಿ, ತಾನೂ ಬಡವಿ. ಅವಳು ತೊಡುವುದು ಪೆಗ್ಗಿ ಬಿಟ್ಟ ಹಳೆಯ ಬಟ್ಟೆ. ಗುರುತು ಸಿಗದಿರಲಿ ಎಂದು ಅವಳಮ್ಮ ಅದಕ್ಕೆ ಹೊಸ ಅಂಚು ಹೊಲಿದಿರುತ್ತಾಳೆ. ಈ ಆಟ ಬೇಡ ಎಂದು ಮ್ಯಾಡಿ ಪೆಗ್ಗಿಗೆ ಒಂದು ಚೀಟಿ ಬರೆಯಲು ಕೂರುತ್ತಾಳೆ. ಬರೆಯುತ್ತ ಬರೆಯುತ್ತ ತನ್ನನ್ನೇ ಆ ವೃತ್ತದ ನಡುವೆ ಕಾಣುತ್ತಾಳೆ: ನಾಳೆ ನನ್ನ ಫ್ರಾಕು ಯಾರದು ಎಂದು ಕೇಳಿದರೆ? ಚೀಟಿಯನ್ನು ಹರಿದು ಚೂರು ಮಾಡುತ್ತಾಳೆ. ಇಡೀ ಪುಸ್ತಕದ ಜೀವ ಆ ಹರಿದ ಚೀಟಿಯಲ್ಲಿದೆ. ಸುಮ್ಮನಿರುವವರು ಯಾಕೆ ಸುಮ್ಮನಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ನಿಖರವಾದ ವಿವರಣೆಯನ್ನು ನಾನು ಯಾವ ಮನಶ್ಶಾಸ್ತ್ರದ ಪುಸ್ತಕದಲ್ಲೂ ಓದಿಲ್ಲ. ಆಮೇಲೆ ಚಿತ್ರ ಸ್ಪರ್ಧೆ ನಡೆಯುತ್ತದೆ. ಹುಡುಗಿಯರು ಫ್ರಾಕು ಬಿಡಿಸಬೇಕು, ಹುಡುಗರು ಮೋಟಾರು ದೋಣಿ. ಒಂದು ಬೆಳಗ್ಗೆ ಕ್ಲಾಸಿನ ಗೋಡೆಗಳ ತುಂಬ ವಾಂಡಾ ಬಿಡಿಸಿದ ನೂರು ಫ್ರಾಕಿನ ಚಿತ್ರಗಳು. ಆ ಹೊತ್ತಿಗೆ ಅವಳ ಮನೆಯವರು ಊರು ಬಿಟ್ಟು ಹೋಗಿದ್ದಾರೆ. ಕ್ಷಮೆ ಕೇಳಲು ಆಳೇ ಇಲ್ಲ.

ಎಸ್ಟಿಸ್ ಇದನ್ನು ಬರೆದದ್ದು ತಮ್ಮ ಬಾಲ್ಯದ ಕ್ಲಾಸಿನಲ್ಲಿದ್ದ ಒಬ್ಬ ಹುಡುಗಿಯ ನೆನಪಿನಿಂದ. ಪುಸ್ತಕದಲ್ಲಿ ಯಾರಿಗೂ ಶಿಕ್ಷೆಯಾಗುವುದಿಲ್ಲ. ಮ್ಯಾಡಿಗೆ ಉಳಿಯುವುದು ತನ್ನ ಸುಮ್ಮನಿರುವಿಕೆಯ ನೋವು, ಮುಂದೆ ಹೀಗೆ ಸುಮ್ಮನಿರಲಾರೆ ಎಂಬ ಒಂದು ತೀರ್ಮಾನ.

ನಮ್ಮ ಕಡೆಯೂ ಇದಕ್ಕೆ ಹತ್ತಿರದ ಬರಹಗಳಿವೆ, ನಾವು ಅವನ್ನು ಈ ಕಣ್ಣಿನಿಂದ ಓದಿಲ್ಲ ಅಷ್ಟೆ. ಮೈಸೂರಿನ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರದು. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ, ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಮನೆಮನೆಗೆ ಮುಟ್ಟಿಸಿದರು. ಅದರಲ್ಲಿ ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ಕ್ಲಾಸಿಗೆ ಬಂದ ಮೇಲೆ ಸ್ವಾಮಿ ಅವನ ಹಿಂದೆ ಹಿಂದೆ ಸುತ್ತುತ್ತಾನೆ. ಹಳೆಯ ಗೆಳೆಯರಿಗೆ ಸಿಟ್ಟು. ಅವನಿಗೆ ಬಾಲ ಎಂದು ಹೆಸರಿಡುತ್ತಾರೆ, ಮಾತು ಬಿಡುತ್ತಾರೆ, ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಆ ಹೆಸರು ಬರೆಯುತ್ತಾರೆ. ಸ್ವಾಮಿ ಎದ್ದು ಹೋಗಿ ಬರಿಗೈಯಿಂದ ಅದನ್ನು ಒರೆಸುತ್ತಾನೆ. ನಾವೆಲ್ಲ ಅದನ್ನು ನಗುತ್ತ ಓದಿದೆವು. ಮಾತು ಬಿಟ್ಟ ಆ ದಿನಗಳಲ್ಲಿ ಆ ಹುಡುಗನ ಹೊಟ್ಟೆಯೊಳಗೆ ಏನಾಗುತ್ತಿತ್ತು ಎಂಬುದನ್ನು ನಾರಾಯಣ್ ನಗುವಿನ ಅಡಿಯಲ್ಲೇ ಬರೆದಿದ್ದಾರೆ.

ಇನ್ನು ಅನಂತಮೂರ್ತಿಯವರ 'ಘಟಶ್ರಾದ್ಧ'. ಗಿರೀಶ್ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿದರು. ವಿಧವೆ ಯಮುನಕ್ಕನ ದುರಂತ ಎಂದು ನಾವು ಅದನ್ನು ಪಾಠ ಮಾಡುತ್ತೇವೆ. ಸರಿಯೇ. ಆದರೆ ಅದು ಮನೆ ಬಿಟ್ಟು ಬಂದು ವೇದಪಾಠಶಾಲೆ ಸೇರಿದ ನಾಣಿ ಎಂಬ ಚಿಕ್ಕ ಹುಡುಗನ ಕತೆಯೂ ಹೌದು. ದೊಡ್ಡ ಹುಡುಗರು ಅವನಿಗೆ ಕಾಟ ಕೊಡುತ್ತಾರೆ. ಆಸರೆಯಾಗುವವಳು ಯಮುನಕ್ಕ. ಆ ಯಮುನಕ್ಕನನ್ನು ಊರೇ ಸೇರಿ ಹೊರಗೆ ಹಾಕುವಾಗ ನಾಣಿ ನೋಡುತ್ತಾನೆ, ಏನೂ ಮಾಡಲಾರ; ಕೊನೆಗೆ ಅಪ್ಪ ಬಂದು ಅವನನ್ನು ಕರೆದುಕೊಂಡು ಹೋಗುತ್ತಾನೆ. ಕಾಟ ತಿಂದವನೇ ಇನ್ನೊಬ್ಬರ ಬಹಿಷ್ಕಾರಕ್ಕೆ ಸಾಕ್ಷಿಯಾಗುವ ಈ ಕತೆಯನ್ನು ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದಿಟ್ಟು, ನಿಮ್ಮ ಕ್ಲಾಸಿನಲ್ಲಿ ಗ್ರೂಪಿನಿಂದ ಹೊರಹಾಕಿದವರು ಯಾರು ಎಂದು ಕೇಳಿ ನೋಡಿ. ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಾಣುತ್ತದೆ. ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ'ದ ಶಾಲಾ ದಿನಗಳನ್ನೂ ಜೊತೆಗಿಡಬೇಕು. ನಮ್ಮ ಶಾಲೆಗಳ ಕಾಟಕ್ಕೆ ಜಾತಿ ಇದೆ, ಮೈಬಣ್ಣ ಇದೆ, ಹಳ್ಳಿ ಮಾತು ಇದೆ. ಅಮೆರಿಕದ ಪುಸ್ತಕಗಳನ್ನು ಹಾಗೆಯೇ ಅನುವಾದ ಮಾಡಿ ಕೊಟ್ಟರೆ ಇದಾವುದೂ ಅದರೊಳಗೆ ಬರುವುದಿಲ್ಲ.

ಫೋನು ಬಂದ ಮೇಲೆ ಏನು ಬದಲಾಯಿತು? ಒಂದು ಸ್ಟಿಕ್ಕರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಬ್ಬ ಹುಡುಗಿ ಊಟದ ಡಬ್ಬಿ ತೆರೆದು ಬಾಯಿ ಅಗಲಿಸಿದ ಗಳಿಗೆಯಲ್ಲಿ ಯಾರೋ ಫೋಟೊ ತೆಗೆಯುತ್ತಾರೆ. ಹಿನ್ನೆಲೆ ಅಳಿಸಿ, ಮುಖವನ್ನಷ್ಟೇ ಉಳಿಸಿ ವಾಟ್ಸ್ಆ್ಯಪ್ ಸ್ಟಿಕ್ಕರ್ ಮಾಡುವುದಕ್ಕೆ ನಿಮಿಷವೂ ಬೇಡ. ಸಂಜೆ ಯಾರೋ ಗಣಿತದ ಹೋಮ್‌ವರ್ಕ್ ಕೇಳಿದರೆ ಉತ್ತರವಾಗಿ ಆ ಮುಖ. ಗುಡ್ ನೈಟ್ ಬದಲು ಆ ಮುಖ. ಅದರಲ್ಲಿ ಒಂದು ಬೈಗುಳವೂ ಇಲ್ಲ. ಮೇಷ್ಟ್ರಿಗೆ ತೋರಿಸಿದರೆ ಇದರಲ್ಲೇನಮ್ಮ ತಪ್ಪು ಎನ್ನುತ್ತಾರೆ. ಹದಿನೆಂಟು ಮಂದಿ ನಗುವ ಇಮೋಜಿ ಹಾಕಿರುತ್ತಾರೆ. ಉಳಿದವರು ನೋಡಿದ್ದಾರೆ ಎಂದು ಕಳಿಸಿದವರಿಗೆ ನೀಲಿ ಟಿಕ್ ಹೇಳುತ್ತದೆ. ಹಿಂದೆ ನೋಡುತ್ತ ನಿಂತವರು ಯಾರೆಂದು ಕಾಟ ತಿಂದವರಿಗೂ ಪೂರ್ತಿ ಗೊತ್ತಿರುತ್ತಿರಲಿಲ್ಲ. ಈಗ ನಕ್ಕವರ ಪಟ್ಟಿಯೂ ಗ್ರೂಪಿನಲ್ಲಿರುವ ಉಳಿದವರ ಪಟ್ಟಿಯೂ ಅವಳ ಕೈಯಲ್ಲೇ ಇವೆ. ಯಾರಾದರೂ ಮನಸ್ಸು ಬದಲಾಯಿಸಿ ಅಳಿಸಿದರೂ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಉಳಿಯುತ್ತದೆ. ಸ್ವಾಮಿಗೆ ಕೈಯಿಂದ ಒರೆಸಲು ಹಲಗೆಯಾದರೂ ಇತ್ತು.

ಇದಕ್ಕೆ ಸರ್ಕಾರಿ ವ್ಯವಸ್ಥೆ ಬರೆದ ಪುಸ್ತಕಗಳು ಇಲ್ಲವೆಂದಲ್ಲ. ಕೇಂದ್ರ ಗೃಹ ಸಚಿವಾಲಯ 2018ರಲ್ಲಿ ಹದಿಹರೆಯದವರಿಗೆ ಸೈಬರ್ ಸುರಕ್ಷೆಯ ಕೈಪಿಡಿ ತಂದಿತು. ಸಿಬಿಎಸ್‌ಇ 2020ರಲ್ಲಿ ಒಂದು ತಂದಿತು. ಎನ್‌ಸಿಇಆರ್‌ಟಿ ಮತ್ತು ಯುನೆಸ್ಕೊ ಸೇರಿ 2022ರಲ್ಲಿ 'ಲೆಟ್ಸ್ ಮೂವ್ ಫಾರ್ವರ್ಡ್' ಎಂಬ ಕಾಮಿಕ್ಸ್ ತಂದವು; ಅದರಲ್ಲಿ ಇಂಟರ್‌ನೆಟ್ ಸುರಕ್ಷೆಯ ಭಾಗವೂ ಇದೆ. ಚಿತ್ರಕತೆಯ ದಾರಿ ಹಿಡಿದದ್ದಕ್ಕೆ ಇದು ಮೇಲು. ಇಂಥ ಕೈಪಿಡಿಗಳ ಬಗ್ಗೆ ನನ್ನ ದೂರು ಎರಡು.

ಒಂದು, ಅವು ಅಪರಿಚಿತರ ಭಯವನ್ನೇ ಹೆಚ್ಚು ಬಿತ್ತುತ್ತವೆ. ಅಪರಿಚಿತ ವಂಚಕರಿದ್ದಾರೆ, ನಿಜ. ಆದರೆ ಸ್ಟಿಕ್ಕರ್ ಮಾಡಿದವಳು ಪಕ್ಕದ ಬೆಂಚಿನವಳು. ನಕಲಿ ಇನ್‌ಸ್ಟಾಗ್ರಾಂ ಖಾತೆ ತೆರೆದವನು ನಿನ್ನೆ ತನಕ ಟಿಫನ್ ಹಂಚಿಕೊಂಡವನು. ಅವನ ರಿಕ್ವೆಸ್ಟನ್ನು ಒಪ್ಪಬೇಡ ಎಂದು ಯಾವ ಕೈಪಿಡಿ ಹೇಳೀತು?

ಎರಡು, 'ದೊಡ್ಡವರಿಗೆ ತಿಳಿಸಿ' ಎಂದು ಎಲ್ಲವೂ ಹೇಳುತ್ತವೆ, ದೊಡ್ಡವರಿಗೆ ಮಾತ್ರ ಏನೂ ಹೇಳುವುದಿಲ್ಲ. ಮಕ್ಕಳು ಯಾಕೆ ಹೇಳುವುದಿಲ್ಲ ಎಂದು ಕೇಳಿದರೆ ಉತ್ತರ ಎಲ್ಲ ಕಡೆ ಒಂದೇ: ಫೋನ್ ಕಿತ್ಕೊಳ್ತಾರೆ. ಹುಡುಗಿಯಾದರೆ ಕಿತ್ತುಕೊಳ್ಳುವುದು ಫೋನಿಗೇ ನಿಲ್ಲುವುದಿಲ್ಲ. ಟ್ಯೂಷನ್ ನಿಲ್ಲುತ್ತದೆ, ಕಾಲೇಜು ನಿಲ್ಲುತ್ತದೆ, ಸೋದರಮಾವನ ಮನೆಯಲ್ಲಿ ಗಂಡಿನ ಮಾತು ಶುರುವಾಗುತ್ತದೆ. ಕಾಟ ತಿಂದವಳಿಗೇ ಶಿಕ್ಷೆ ಎಂದು ಗೊತ್ತಿದ್ದ ಮೇಲೆ ಹೇಳುವುದಾದರೂ ಯಾಕೆ? ಕೈಪಿಡಿಯ ಮೊದಲ ಪುಟ ಅಪ್ಪ ಅಮ್ಮನಿಗೆ ಇರಬೇಕು: ಮಗು ಬಂದು ಹೇಳಿದ ದಿನ ಫೋನ್ ಮುಟ್ಟಬೇಡಿ, 'ನೀನು ಯಾಕೆ ಫೋಟೊ ಕಳಿಸಿದೆ' ಎಂದು ಮೊದಲು ಕೇಳಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ.

ಮಾಹಿತಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮಾಹಿತಿ ಬೇಗ ಹಳಸುತ್ತದೆ. ಸೈಬರ್ ಸಹಾಯವಾಣಿ ಮೊದಲು 155260 ಇತ್ತು, ಆಮೇಲೆ 1930 ಆಯಿತು. ಆರ್ಕುಟ್ ಬಗ್ಗೆ ಎಚ್ಚರಿಸಿದ ಪುಸ್ತಕಗಳ ಗತಿ 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್ ಮುಚ್ಚಿದಾಗಲೇ ಮುಗಿಯಿತು. ಟಿಕ್‌ಟಾಕ್ ಬಗ್ಗೆ ಬರೆದವುಗಳ ಗತಿಯೂ 2020ರಲ್ಲಿ ಹಾಗೆಯೇ ಆಯಿತು. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಅದರಡಿ ಪೊಲೀಸರು ಇನ್ನೂ ಕೇಸು ಹಾಕುತ್ತಿದ್ದಾರೆ ಎಂದು 2021ರಲ್ಲಿ ಅದೇ ಕೋರ್ಟು ಬೆರಗಾಯಿತು. ಪೊಲೀಸರ ಓದೇ ಹೀಗಿದ್ದರೆ ಶಾಲೆಯ ಲೈಬ್ರರಿಯದು ಹೇಗಿರಬೇಡ! ಈ ಬಗೆಯ ಮಾಹಿತಿಯನ್ನು ಪ್ರತಿ ಜೂನ್‌ನಲ್ಲಿ ಬದಲಿಸಬಹುದಾದ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸಿ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಸಂಕಟಕ್ಕೆ ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ 14416. ಹದಿನೆಂಟರೊಳಗಿನವರ ನಗ್ನ ಚಿತ್ರವನ್ನು ತಮಾಷೆಗೆ ಫಾರ್ವರ್ಡ್ ಮಾಡುವುದೂ, ಮಾಡುವವರು ಸಹಪಾಠಿಗಳೇ ಆದರೂ, ಅಪರಾಧ. ಅಂಥ ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ. ಇಷ್ಟು ಒಂದು ಹಾಳೆಗೆ ಸಾಕು. 1944ರ ಹರಿದ ಚೀಟಿ ಮಾತ್ರ ಇನ್ನೂ ಹಳತಾಗಿಲ್ಲ.

ಕತೆಗಳಲ್ಲೂ ಎಡವಟ್ಟುಗಳಿವೆ. ಜೇ ಆ್ಯಷರ್ ಅವರ 'ಥರ್ಟೀನ್ ರೀಸನ್ಸ್ ವೈ' 2007ರಲ್ಲಿ ಬಂದು ಭಾರಿ ಜನಪ್ರಿಯವಾಯಿತು. ಜೀವ ಕಳೆದುಕೊಂಡ ಹುಡುಗಿ ಕ್ಯಾಸೆಟ್ಟುಗಳಲ್ಲಿ ತನ್ನ ಸಾವಿಗೆ ಕಾರಣರಾದವರಿಗೆ ಒಬ್ಬೊಬ್ಬರಿಗೂ ಲೆಕ್ಕ ಒಪ್ಪಿಸುತ್ತಾಳೆ. ನೆಟ್‌ಫ್ಲಿಕ್ಸ್ 2017ರಲ್ಲಿ ಅದನ್ನು ಸರಣಿ ಮಾಡಿದಾಗ ಮನೋವೈದ್ಯರು ಆಕ್ಷೇಪಿಸಿದರು. ಸಾವಿನ ದೃಶ್ಯವನ್ನು ಕಂಪನಿ 2019ರಲ್ಲಿ ತೆಗೆದುಹಾಕಿತು. ನನ್ನ ತಕರಾರು ದೃಶ್ಯಕ್ಕಷ್ಟೇ ಅಲ್ಲ, ಕತೆಯ ಕಟ್ಟಡಕ್ಕೇ. ಸತ್ತ ಮೇಲೆ ಎಲ್ಲರೂ ನನ್ನ ಮಾತು ಕೇಳುತ್ತಾರೆ ಎಂಬ ಭ್ರಮೆಯನ್ನು ಅದು ಹದಿನೈದರ ಮನಸ್ಸಿಗೆ ಕೊಡುತ್ತದೆ. ಹೋದವರು ಯಾರ ಮುಖವನ್ನೂ ನೋಡಲಾರರು.

ಇದೇ ವಿಷಯವನ್ನು ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' (2014) ಹೆಚ್ಚು ಹೊಣೆಯಿಂದ ಮುಟ್ಟುತ್ತದೆ. ಮುಸ್ಕಾನ್‌ಗೆ ಹುಡುಗಿಯರ ಮೇಲೆ ಒಲವು. ಅದು ತಿಳಿದ ಶಾಲೆ ಅವಳನ್ನು ದೂರವಿಡುತ್ತದೆ. ಅವಳು ಆಸ್ಪತ್ರೆಯಲ್ಲಿದ್ದಾಗ ಕತೆ ಹೇಳುವವರು ಮೂವರು ಸಹಪಾಠಿಗಳು. ಮೂವರೂ ಒಂದಲ್ಲ ಒಂದು ರೀತಿ ನೋಡುತ್ತ ನಿಂತವರು; ಮುಸ್ಕಾನ್ ತಾನಾಗಿ ಕತೆ ಹೇಳುವುದೇ ಇಲ್ಲ. ಜೂಡಿ ಬ್ಲೂಮ್ ಅವರ 'ಬ್ಲಬರ್' (1974) ಇನ್ನೂ ಎದೆಗಾರಿಕೆಯದು. ದಪ್ಪಗಿರುವ ಸಹಪಾಠಿಯನ್ನು ಹಿಂಸಿಸುವ ಗುಂಪಿನಲ್ಲೇ ಇರುವ ಹುಡುಗಿ ಕತೆ ಹೇಳುತ್ತಾಳೆ, ಅವಳಿಗೆ ಪಶ್ಚಾತ್ತಾಪವೂ ಸುಲಭಕ್ಕೆ ಬರುವುದಿಲ್ಲ. ನೀತಿ ಹೇಳಲಿಲ್ಲ ಎಂಬ ಕಾರಣಕ್ಕೆ ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಅದನ್ನು ತೆಗೆಸಲು ಪೋಷಕರು ಹೊರಟರು. ಪಲಾಸಿಯೊ ಅವರ 'ವಂಡರ್' (2012) ಎಲ್ಲರಿಗೂ ಗೊತ್ತು. ಅದರ ಕೊನೆಯ ಚಪ್ಪಾಳೆ ನನಗೆ ತುಸು ಸಿಹಿ ಜಾಸ್ತಿ ಅನಿಸಿದರೂ, ಮುಖದ ನ್ಯೂನತೆಯ ಆಗಸ್ಟ್‌ನನ್ನು ಅವನ ಗೆಳೆಯ ಜ್ಯಾಕ್, ಅವನಿಲ್ಲವೆಂದುಕೊಂಡು, ಬೇರೆಯವರ ಮುಂದೆ ಹಂಗಿಸುವ ಭಾಗ ನಿಜವಾದದ್ದು. ಗುಂಪಿನ ಮುಂದೆ ಒಳ್ಳೆಯ ಹುಡುಗನೂ ಹೀಗೆಯೇ ಜಾರುತ್ತಾನೆ.

ಪುಸ್ತಕ ಯಾಕೆ, ಹದಿನಾರರೊಳಗಿನವರಿಗೆ ಸಾಮಾಜಿಕ ಜಾಲತಾಣವನ್ನೇ ಬಂದ್ ಮಾಡಿ ಎಂಬ ಕೂಗೂ ಇದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಮಾಡಿದೆ. ಫಲ ಏನೆಂದು ಕಾದು ನೋಡೋಣ. ಕ್ಲಾಸಿನ ಮಕ್ಕಳು ಒಬ್ಬರನ್ನೊಬ್ಬರು ಹಂಗಿಸುವುದಕ್ಕೆ ಇನ್‌ಸ್ಟಾಗ್ರಾಂ ಹುಟ್ಟುವ ತನಕ ಕಾದಿರಲಿಲ್ಲ ಎಂಬುದು ನೆನಪಿರಲಿ.

ಕನ್ನಡದ ಪ್ರಕಾಶಕರು ಹೇಳುವುದು ನನಗೆ ಗೊತ್ತು: ಹದಿಹರೆಯದವರು ಕನ್ನಡ ಪುಸ್ತಕ ಕೊಳ್ಳುವುದಿಲ್ಲ. ಕೊಳ್ಳಲು ಇದ್ದರಲ್ಲವೇ? ಅಂಗಡಿ ಬೇಡವಾದರೆ ಬೇಡ, ಅರಿವು ಕೇಂದ್ರಗಳಿವೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳ ಈ ಗ್ರಂಥಾಲಯಗಳು ಈಗ ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದೊಂದಕ್ಕೆ ಎರಡೇ ಪ್ರತಿ ಹೋದರೂ ಕನ್ನಡದ ಕಾದಂಬರಿಗೆ ಅದು ಕನಸಿನ ಮುದ್ರಣ. ನಮಗೆ ಬೇಕಾಗಿರುವುದು ತುಮಕೂರಿನ ಹಾಸ್ಟೆಲಿನ, ಗಂಗಾವತಿಯ ಹೈಸ್ಕೂಲಿನ, ಕುಂದಾಪುರದ ಕಾಲೇಜು ಬಸ್ಸಿನ ಕತೆ, ಅಲ್ಲಿಯ ಮಾತಿನಲ್ಲಿ. ನಲವತ್ತು ದಾಟಿದ ನಾವು ಅದನ್ನು ಬರೆದರೆ ಗ್ರೂಪಿನ ಮಾತು ನಾಟಕದ ಸಂಭಾಷಣೆಯಂತೆ ಕೇಳುತ್ತದೆ.

ಹಾಗಾಗಿ ಈ ದತ್ತಿಯ ಸಮಿತಿಗೆ ನನ್ನದೊಂದು ಕೋರಿಕೆ. ಮುಂದಿನ ವರ್ಷ ಉಪನ್ಯಾಸ ಬೇಡ. ಆ ಬಡ್ಡಿ ಹಣದಲ್ಲಿ ಹದಿಮೂರರಿಂದ ಹದಿನೇಳು ವರ್ಷದವರಿಗೆ ಒಂದು ಕಥಾ ಸ್ಪರ್ಧೆ ಇಡಿ. ಷರತ್ತು ಎರಡೇ ಇರಲಿ: ಕತೆ ಹೇಳುವವರು ನೋಡುತ್ತ ನಿಂತವರಾಗಿರಬೇಕು, ಕೊನೆಯಲ್ಲಿ ನೀತಿ ಇರಬಾರದು. ಹೆಸರು ಮುಚ್ಚಿಟ್ಟು ಕಳಿಸಲು ಅವಕಾಶ ಕೊಡಿ, ಇಲ್ಲದಿದ್ದರೆ ನಿಜವಾದ ಕತೆಗಳು ಬರುವುದಿಲ್ಲ. ನನಗೆ ಇವತ್ತು ಕೊಡಲಿರುವ ಗೌರವಧನವನ್ನು ಅದರ ಮೊದಲ ಬಹುಮಾನಕ್ಕೆ ಸೇರಿಸಿಕೊಳ್ಳಿ.